ಸಾಧು ದ್ರಾಕ್ಷಿಗಳ ಸಮಾಚಾರ

ಹಾರೋಹಳ್ಳಿಯಲ್ಲಿ ಕೂತು ಬಿಳಿ ವೈನಿನ ದ್ರಾಕ್ಷಿಯ ವಿಚಾರ ಎತ್ತುವುದು ಸ್ವಲ್ಪ ಅಧಿಕಪ್ರಸಂಗವೇ. ಇದು ರಾಗಿ, ರೇಷ್ಮೆ, ತೆಂಗು, ಮಾವಿನ ಸೀಮೆ. ಇತ್ತೀಚೆಗೆ ಕಾರ್ಖಾನೆ, ಕಾಲೇಜು, ಸೈಟುಗಳ ಸೀಮೆ. ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಬರುವವರಿಗೆ ನಮ್ಮೂರು ಅಂದರೆ ಕೈಗಾರಿಕಾ ಪ್ರದೇಶದ ಬೋರ್ಡು, ಇಲ್ಲವೇ ಮೇಕೆದಾಟಿಗೆ ಹೋಗುವಾಗ ಕಾಫಿಗೆ ನಿಲ್ಲಿಸುವ ಜಾಗ. ವೈನಿನ ಮಾತು ಬಂದರೆ ಜನ ನಂದಿಬೆಟ್ಟದ ಕಡೆ ಕೈ ತೋರಿಸುತ್ತಾರೆ. ನಮ್ಮ ಕಡೆಯವರಾದರೆ ಹೆಚ್ಚೆಂದರೆ ಚನ್ನಪಟ್ಟಣದ ಹೆರಿಟೇಜ್ ವೈನರಿಯ ಹೆಸರು ಹೇಳುತ್ತಾರೆ. ಆದರೂ ಈ ವಿಚಾರದಲ್ಲಿ ಬಾಯಿ ಹಾಕಲು ನನಗೆ ಎರಡು ನೆಪಗಳಿವೆ. ನನ್ನ ಸೋದರಮಾವ ಇದೇ ಊರಾಚೆ ಬಿಳಿ ದ್ರಾಕ್ಷಿ ಬೆಳೆದು, ಮೆರೆದು, ಕೊನೆಗೆ ಕೈಬಿಟ್ಟವರು. ಇನ್ನೊಂದು ನೆಪ ಅರ್ಕಾವತಿ ಹೊಳೆ. ಅದರ ಮಾತು ಆಮೇಲೆ.

ಮೊದಲು ಕಪ್ಪು ದ್ರಾಕ್ಷಿಯ ಬಗ್ಗೆ ಒಂದು ಮಾತು. ಬಿಳಿಯದರ ಗತಿ ಅರ್ಥವಾಗಬೇಕಾದರೆ ಕಪ್ಪಿನ ಅದೃಷ್ಟ ಗೊತ್ತಿರಬೇಕು. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಷ್ಟು ಬೈಸಿಕೊಂಡ ಹಣ್ಣು ಇನ್ನೊಂದಿರಲಾರದು. ಸಿಪ್ಪೆ ದಪ್ಪ, ಬೀಜ ದಂಡಿ, ತಿರುಳು ಬಾಯಲ್ಲಿ ಜಾರಿಕೊಂಡು ಹೋಗುತ್ತದೆ, ಹುಳಿ ಹಲ್ಲಿಗೆ ಹತ್ತುತ್ತದೆ. ವಾಸನೆಯಂತೂ ಬುಟ್ಟಿ ಒಳಮನೆಯಲ್ಲಿದ್ದರೆ ಜಗಲಿಗೆ ಗೊತ್ತಾಗಬೇಕು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಅದರಲ್ಲಿದೆ. ಪರದೇಶದ ವೈನು ಪಂಡಿತರು ಆ ವಾಸನೆಗೆ ನರಿಯ ಹೆಸರು ಕಟ್ಟಿ ಮೂಗು ಮುರಿಯುತ್ತಾರೆ. ಇಷ್ಟೆಲ್ಲ ಆದರೂ ಅದು ಹೋಗಲಿಲ್ಲ. ಜ್ಯೂಸಿಗೆ ಅದೇ ಬೇಕು, ಅಗ್ಗದ ಸಿಹಿ ವೈನಿಗೆ ಅದೇ ಬೇಕು, ಕ್ರಿಸ್‌ಮಸ್ಸಿಗೆ ಜಾಡಿ ತುಂಬುವವರಿಗೂ ಅದೇ ಬೇಕು. 2013ರಲ್ಲಿ ಭೌಗೋಳಿಕ ಸೂಚಕದ ಪಟ್ಟವನ್ನೂ ಕಟ್ಟಿಸಿಕೊಂಡು ಕೂತಿದೆ. ಹೋದವರು ಯಾರೆಂದರೆ ಯಾರೂ ಬೈಯದ, ಯಾರಿಗೂ ತೊಂದರೆ ಕೊಡದ, ತಣ್ಣಗೆ ಸಿಹಿಯಾಗಿ ಇದ್ದ ಬಿಳಿ ದ್ರಾಕ್ಷಿಗಳು. ಸಾಧುಗಳು.

ಅವುಗಳಲ್ಲಿ ನಮ್ಮವರ ಪಾಲಿಗೆ ದೊಡ್ಡ ಹೆಸರು ಅನಾಬ್‌ಶಾಹಿ. ಹೈದರಾಬಾದಿಗೆ ಅದನ್ನು 1890ರ ಸುಮಾರಿಗೆ ತಂದು ನೆಟ್ಟವರು ಅಬ್ದುಲ್ ಬಾಕರ್ ಖಾನ್ ಅಂತ ತೋಟಗಾರಿಕೆಯವರು ದಾಖಲಿಸಿದ್ದಾರೆ. ಅರಮನೆ ಊರಿನ ಕಾಂಪೌಂಡುಗಳಲ್ಲಿ ಹಬ್ಬಿದ್ದು ಮುಂದೆ ಹೊಲಕ್ಕಿಳಿಯಿತು, ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಕಡೆಯ ಕೆಂಪು ಮಣ್ಣಿಗೂ ಬಂತು. ಗೊಂಚಲು ನೋಡಿದರೆ ನಿಮಗೇ ಗೊತ್ತಾಗುತ್ತಿತ್ತು, ಯಾಕೆ ಜನ ಮರುಳಾದರು ಅಂತ. ಒಂದೊಂದೂ ಮೊಳದುದ್ದ ಇಳಿಬಿದ್ದಿರುತ್ತಿತ್ತು. ಕಾಯಿ ಉದ್ದುದ್ದ, ಹಾಲು ಬೆರೆಸಿದ ಹಸಿರು. ಪೂರ್ತಿ ಹಣ್ಣಾದರೆ ಜೇನಿನ ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದರೆ ಒಳಗಿನ ಬೀಜ ನೆರಳಾಗಿ ಕಾಣುತ್ತಿತ್ತು. ಇಳುವರಿಯೋ, ಕೇಳಬೇಡಿ. ಹೆಕ್ಟೇರಿಗೆ ಸರಾಸರಿ 35 ಟನ್ನು. ಫ್ರಾನ್ಸಿನಲ್ಲಿ ಹೆಸರು ಮಾಡಿದ ವೈನು ತೋಟಗಳವರು ಏಳೆಂಟು ಟನ್ನು ಬಂದರೆ ಸಾಕೆನ್ನುತ್ತಾರೆ, ಅದಕ್ಕಿಂತ ಹೆಚ್ಚು ಬಂದರೆ ನಾಚಿಕೊಳ್ಳುತ್ತಾರೆ. ನಮ್ಮ ಮಾವನಿಗೆ ಈ ಸಂಗತಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಈ ದ್ರಾಕ್ಷಿಯ ಭರಾಟೆ ಎಷ್ಟಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, ಬೆಂಗಳೂರಿನ ಬೀದಿಬದಿಯ ಹಾಪ್‌ಕಾಮ್ಸ್ ಮಳಿಗೆ ಸಾಕು. ಇವತ್ತು ನಾವು ಬೀನ್ಸು, ಮೂಲಂಗಿ, ಸಪೋಟ ಕೊಳ್ಳುವ ಆ ಹಸಿರು ಅಂಗಡಿಯ ಮೂಲಪುರುಷ 1959ರಲ್ಲಿ ಹುಟ್ಟಿದ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ. ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರು ಮುಂದೆ ನಿಂತು ಕಟ್ಟಿಸಿದ್ದು. ದ್ರಾಕ್ಷಿ ಅಷ್ಟೊಂದು ಬೆಳೆಯುತ್ತಿತ್ತು, ದಲ್ಲಾಳಿಗಳ ಕೈಯಲ್ಲಿ ರೈತ ಅಷ್ಟೊಂದು ಸೋಲುತ್ತಿದ್ದ. ಈಗಲೂ ಅವರು ಬೇಸಿಗೆಯ ಬಾಗಿಲಲ್ಲಿ ದ್ರಾಕ್ಷಿ ಮತ್ತು ಕಲ್ಲಂಗಡಿ ಮೇಳ ಮಾಡುತ್ತಾರೆ. ಮನೆದೇವರಿಗೆ ವರ್ಷಕ್ಕೊಮ್ಮೆ ಪೂಜೆ ಸಲ್ಲಬೇಕಲ್ಲ.

ಎಂಬತ್ತರ ದಶಕದ ಮೊದಲಲ್ಲಿ ಮಾವ ಅನಾಬ್ ಹಾಕಿದರು. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಬಂಡೆ ಸೀಳಿಸಿ ಆಳೆತ್ತರಕ್ಕೂ ಮಿಗಿಲಾದ ಕಲ್ಲುಕಂಬ ನಿಲ್ಲಿಸಿ, ಮೇಲೆ ತಂತಿ ಎಳೆದು, ಬಳ್ಳಿಯನ್ನು ಚಪ್ಪರಕ್ಕೆ ಹತ್ತಿಸಿದರು. ಯುರೋಪಿನ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಏಪ್ರಿಲ್ಲಿನಲ್ಲಿ ಒಂದು ಸಲ, ಅಕ್ಟೋಬರಿನಲ್ಲಿ ಒಂದು ಸಲ ಕತ್ತರಿ ಹಿಡಿದು ಸವರಬೇಕು. ಮೊದಲನೆಯದು ಕಡ್ಡಿಗೆ, ಎರಡನೆಯದು ಹಣ್ಣಿಗೆ. ಅಕ್ಟೋಬರಿನ ಚಿಗುರು ಹೊರಡುವ ಹೊತ್ತಿಗೆ ಸರಿಯಾಗಿ ಹಿಂಗಾರು ಜಿಟಿಜಿಟಿ ಹಿಡಿಯುತ್ತದೆ, ಎಲೆಯ ಬೆನ್ನಿಗೆ ಬಿಳಿ ಬೂಜು ಕೂರುತ್ತದೆ. ಅನಾಬ್‌ಶಾಹಿಗೆ ಬೂಜು ರೋಗ ಬಲು ಬೇಗ ತಗಲುವುದು. ಅದಕ್ಕೆ ಮದ್ದು ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ನಮ್ಮ ಅಡಿಕೆ ಬೆಳೆಗಾರರು ತಮ್ಮದೇ ಅಂದುಕೊಂಡಿರುವ ಈ ಮದ್ದೂ ದ್ರಾಕ್ಷಿ ತೋಟದ ಕೂಸೇ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಇದೇ ಬೂಜಿನ ಕಾಟಕ್ಕೆ ಮಿಲಾರ್ದೆ ಅನ್ನುವ ಪ್ರೊಫೆಸರು ರೂಢಿಗೆ ತಂದದ್ದು.

ಹಾರೋಹಳ್ಳಿ ದ್ರಾಕ್ಷಿಯ ಊರಾಗದೆ ಹೋದದ್ದಕ್ಕೆ ಕಾರಣ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಮಾವನ ಪಕ್ಕದ ಹೊಲ ಪೂರ್ತಿ ರೇಷ್ಮೆ ಸೊಪ್ಪು. ಆ ಮನೆಯವರು ಹುಳ ಮೇಯಿಸಿ ರಾಮನಗರದ ಮಾರುಕಟ್ಟೆಗೆ ಗೂಡು ಹಾಕುವವರು. ದ್ರಾಕ್ಷಿಗೆ ಹೊಡೆದ ಔಷಧಿ ಗಾಳಿಗೆ ತೇಲಿ ಸೊಪ್ಪಿನ ಮೇಲೆ ಕೂತಿತೆಂದರೆ, ಆ ಸೊಪ್ಪು ತಿಂದ ಹುಳ ಗೂಡು ಕಟ್ಟುವುದಿರಲಿ, ಚಂದ್ರಿಕೆ ಹತ್ತುವುದೇ ಇಲ್ಲ. ಒಂದು ಬೆಳಗ್ಗೆ ಆ ಮನೆಯ ಯಜಮಾನಿ ಸತ್ತ ಹುಳಗಳನ್ನು ಮೊರದಲ್ಲಿ ತುಂಬಿಕೊಂಡು ಬಂದು ಮಾವನ ಜಗಲಿಯ ಮೇಲಿಟ್ಟು, ಒಂದು ಮಾತೂ ಆಡದೆ ಹೋದರು. ನಾಲ್ಕನೇ ಜ್ವರದ ಹುಳ, ಬೆರಳುದ್ದ ಬೆಳೆದಿದ್ದವು. ಬೈದಿದ್ದರೆ ಮಾವ ತಿರುಗಿ ಬೈದು ಮುಗಿಸುತ್ತಿದ್ದರು. ಅವರು ಬೈಯಲಿಲ್ಲ. ಆಮೇಲೆ ಮಾವ ಗಾಳಿ ಯಾವ ಕಡೆಯದು ಅಂತ ಪಂಚೆಯ ಚುಂಗು ಎತ್ತಿ ನೋಡದೆ ಪಂಪು ಮುಟ್ಟಿದವರಲ್ಲ. ಹಾಗೆ ಗಾಳಿ ಕಾಯುತ್ತಾ ಕೂತರೆ ಬೂಜು ಕಾಯುತ್ತದೆಯೇ? ರೇಷ್ಮೆ ಮತ್ತು ದ್ರಾಕ್ಷಿ ಒಂದೇ ಬಯಲಲ್ಲಿ ಬಾಳುವುದು ಕಷ್ಟ. ನಮ್ಮ ಸೀಮೆ ಯಾವ ಕಡೆ ನಿಂತಿತು ಅನ್ನುವುದು ಎಲ್ಲರಿಗೂ ಗೊತ್ತೇ ಇದೆ.

ಅನಾಬ್‌ಶಾಹಿಯಿಂದ ವೈನೂ ಆಗುತ್ತಿತ್ತು. ಬೇರೆ ಬಿಳಿ ದ್ರಾಕ್ಷಿ ಸಿಗದ ಕಾಲದಲ್ಲಿ ನಮ್ಮ ದೇಶದ ಬಿಳಿ ವೈನಿಗೆ ಅದೂ ಒದಗಿತು. ಆದರೆ ಆಗುವುದು ಬೇರೆ, ಚೆನ್ನಾಗಿ ಆಗುವುದು ಬೇರೆ. ಅನಾಬ್ ಹಣ್ಣಿನ ರಸದಲ್ಲಿ ಸಕ್ಕರೆ ನೂರಕ್ಕೆ ಹದಿನಾಲ್ಕು ಹದಿನಾರರ ಆಸುಪಾಸು. ಹುಳಿ ಬಂದ ಮೇಲೆ ಅದರ ಅರ್ಧದಷ್ಟು ಮಾತ್ರ ಮದ್ಯಸಾರವಾಗುತ್ತದೆ, ಅಂದರೆ ಎಂಟರ ಹತ್ತಿರ. ವೈನು ಅನ್ನಿಸಿಕೊಳ್ಳಲು ಹನ್ನೊಂದು ಹನ್ನೆರಡಾದರೂ ಬೇಕು. ಹಾರೋಬೆಲೆಯಲ್ಲಿ ನನ್ನ ಗೆಳೆಯನ ಮನೆಯಿದೆ. ಹಳೆಯ ಕ್ರೈಸ್ತ ಊರದು. ಅವನ ತಾಯಿ ಪ್ರತಿ ವರ್ಷ ಕಪ್ಪು ದ್ರಾಕ್ಷಿ ಹಿಸುಕಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಚೂರು ಯೀಸ್ಟು ಹಾಕಿ ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿಡುತ್ತಿದ್ದರು. ಮಾವನ ತೋಟದಲ್ಲಿ ಗೊಂಚಲಿಂದ ಉದುರಿದ ಅನಾಬ್ ಒಂದು ವರ್ಷ ಬಹಳ ಉಳಿದಾಗ ಮಂಕರಿಯಲ್ಲಿ ತುಂಬಿ ಅವರಿಗೆ ಕೊಟ್ಟೆ. ಜಾಡಿ ಬಿಚ್ಚಿದ ದಿನ ಅವರು ಸೌಟಿನಲ್ಲಿ ಒಂದಿಷ್ಟು ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದರು.

“ಏನಮ್ಮ, ಹೆಂಗದೆ?”

“ಸಪ್ಪೆ ಕಣಪ್ಪ. ಬಣ್ಣ ಇಲ್ಲ, ಗಮಲಿಲ್ಲ. ಇನ್ನೊಂದಚ್ಚೇರು ಸಕ್ಕರೆ ಸುರುದ್ರೆ ಪಾನಕ ಆಯ್ತದೆ.”

ಹಬ್ಬದ ಹೊತ್ತಿಗೆ ಅದಕ್ಕೆ ಕಪ್ಪು ದ್ರಾಕ್ಷಿಯ ಜಾಡಿಯಿಂದ ಒಂದಷ್ಟು ಬೆರೆಸಿ, ತಿಳಿಗೆಂಪು ಮಾಡಿ, ಬಂದವರಿಗೆಲ್ಲ ಹಂಚಿದರು. ದೊಡ್ಡ ಕಂಪನಿಗಳವರೂ ಇಂಥದ್ದೇ ಮಾಡುತ್ತಾರೆ, ಇಷ್ಟು ಪ್ರಾಮಾಣಿಕವಾಗಿ ಹೇಳುವುದಿಲ್ಲ.

ಗಮಲಿಲ್ಲ ಅಂದರಲ್ಲ ಆಯಮ್ಮ, ನನ್ನ ಮಟ್ಟಿಗೆ ಇಡೀ ಕಥೆ ಅದರಲ್ಲಿದೆ. ಎಪ್ಪತ್ತರ ದಶಕದ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ದೊಡ್ಡ ಹೂಜಿಗಳಲ್ಲಿ ‘ಶಾಬ್ಲಿ’ ಅಂತ ಫ್ರೆಂಚ್ ಹೆಸರು ಅಂಟಿಸಿಕೊಂಡು ಮಾರಾಟವಾಗುತ್ತಿದ್ದ ಬಿಳಿ ವೈನಿನೊಳಗೆ ಏನಿತ್ತು ಗೊತ್ತೇ? ಎಷ್ಟೋ ಸಲ ಥಾಮ್ಸನ್ ಸೀಡ್‌ಲೆಸ್. ನಾವು ಒಣದ್ರಾಕ್ಷಿ ಮಾಡುವ, ಮಗುವಿನ ಕೈಗೆ ಕೊಡುವ ಅದೇ ಹಣ್ಣು. ಆಸ್ಟ್ರೇಲಿಯಾದವರೂ ಅದನ್ನು ಸುಲ್ತಾನ ಅಂತ ಕರೆದು ಪೆಟ್ಟಿಗೆ ವೈನಿಗೆ ಸುರಿದರು. ಎಂಬತ್ತರ ದಶಕದಲ್ಲಿ ಶಾರ್ಡನೆ ಎಂಬ ಬಿಳಿ ದ್ರಾಕ್ಷಿಯ ಹುಚ್ಚು ಹಬ್ಬಿದ ಮೇಲೆ ಅದನ್ನು ಗ್ಲಾಸಿನಿಂದ ಎತ್ತಿ ಬಿಸಾಕಿದರು. ಅಲ್ಲಿ ಹೊರಬಿದ್ದ ಈ ಥಾಮ್ಸನ್ನೇ ಇಲ್ಲಿ ನಮ್ಮ ಅನಾಬ್‌ಶಾಹಿಯನ್ನು ಬುಟ್ಟಿಯಿಂದ ಹೊರಗೆ ಹಾಕಿದ್ದು. ವಿಜಯಪುರ, ಸಾಂಗ್ಲಿ, ನಾಸಿಕದ ಕಡೆಯಿಂದ ರಟ್ಟಿನ ಪೆಟ್ಟಿಗೆಗಳಲ್ಲಿ ಬೀಜವಿಲ್ಲದ ದ್ರಾಕ್ಷಿ ಬಂದಿಳಿಯಿತು. ಗೊಂಚಲನ್ನು ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿ ಕಾಯಿ ಉದ್ದ ಮಾಡುವ ವಿದ್ಯೆಯೂ ಜತೆಗೆ ಬಂತು. ಪೇಟೆಯ ಜನಕ್ಕೆ ಬೀಜ ಉಗುಳುವುದು ಕೆಲಸ ಅನ್ನಿಸತೊಡಗಿತು. “ಬೀಜ ಇಲ್ದಿದ್ ಮ್ಯಾಲೆ ಅದ್ಯಾತರ ಹಣ್ಣ್ಲಾ?” ಅಂತ ಮಾವ ಕೇಳುತ್ತಿದ್ದರು. ವ್ಯಾಪಾರಿಗಳು ಆ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ, ಕಾಸು ಕಮ್ಮಿ ಕೊಟ್ಟರು. ಅನಾಬ್‌ಶಾಹಿಯ ಬಳ್ಳಿಯಲ್ಲೇ ಹುಟ್ಟಿದ ದಿಲ್‌ಖುಷ್ ಮಾತ್ರ ಚಿಕ್ಕಬಳ್ಳಾಪುರದ ಕಡೆ ಇವತ್ತಿಗೂ ಜೀವ ಹಿಡಿದುಕೊಂಡಿದೆ. ಅದೂ ತಿನ್ನುವ ಹಣ್ಣಾಗಿ.

ನಂದಿಬೆಟ್ಟದ ತಪ್ಪಲಿನ ಕಥೆ ಇದಕ್ಕಿಂತ ನಾಜೂಕಿನದು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನಿಂದ ಹತ್ತಾರು ದ್ರಾಕ್ಷಿ ತಳಿ ತರಿಸಿ ಪ್ರಯೋಗ ಮಾಡಿ, 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ವಿನ್ಯಾರ್ಡ್ಸ್ ಕಟ್ಟಿದರು. 1992ರ ಹೊತ್ತಿಗೆ ಸೀಸೆಗಳು ಹೊರಬಂದವು. ಆ ಕಾಲದಲ್ಲಿ ಅವರ ಬಿಳಿ ವೈನಿಗೆ ಹೋದ ದ್ರಾಕ್ಷಿ ಕ್ಲೆರೆಟ್. ದಕ್ಷಿಣ ಫ್ರಾನ್ಸಿನಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಇದೇ. ಸೊಪ್ಪುಸದೆ, ಮಸಾಲೆ ಹಾಕಿ ಮಾಡುವ ವರ್ಮುತ್ ಎಂಬ ಪೇಯಕ್ಕೆ ಇದೇ ಬುನಾದಿ. 1942ರಲ್ಲಿ, 1948ರಲ್ಲಿ ಎರಡು ಸೀಮೆಯ ಕ್ಲೆರೆಟ್ಟುಗಳಿಗೆ ಫ್ರೆಂಚ್ ಸರ್ಕಾರ ಹೆಸರಿನ ರಕ್ಷಣೆಯನ್ನೂ ಕೊಟ್ಟಿತ್ತು. ಆದರೆ ಕ್ಲೆರೆಟ್ಟಿನ ಹುಳಿ ಕಮ್ಮಿ, ಗಾಳಿ ತಾಗಿದರೆ ಬೇಗ ಕಂದುತ್ತದೆ, ಪರಿಮಳ ಹುಡುಕಬೇಕು. ವರ್ಮುತ್ ಕುಡಿಯುವವರು ಕಡಿಮೆಯಾದಂತೆ ಫ್ರಾನ್ಸಿನ ರೈತ ಅದನ್ನು ಕಿತ್ತ. ಅಲ್ಲಿ ಇಳಿಮುಖವಾಗಿದ್ದ ಬಳ್ಳಿ ಇಲ್ಲಿ ನಂದಿಯ ನೆರಳಲ್ಲಿ ಹೊಸ ಬಾಳು ಶುರು ಮಾಡಿತು. ವರ್ಷಗಳು ಕಳೆದ ಮೇಲೆ ಇಲ್ಲೂ ಲೇಬಲ್ಲಿನಲ್ಲಿ ಕ್ಲೆರೆಟ್ಟಿನ ಪಕ್ಕಕ್ಕೆ ವಿಯೋನ್ಯೆ ಅನ್ನುವ ಇನ್ನೊಂದು ದ್ರಾಕ್ಷಿಯ ಹೆಸರು ಬಂದು ಕೂತಿತು.

ಈ ವಿಯೋನ್ಯೆ ಇದೆಯಲ್ಲ, 1960ರ ದಶಕದಲ್ಲಿ ಅದು ಸತ್ತೇ ಹೋಗಲಿತ್ತು. ರೋನ್ ನದಿಯ ದಂಡೆಯ ಕಡಿದಾದ ಗುಡ್ಡದಲ್ಲಿ ಬರೀ ಹತ್ತಾರು ಎಕರೆ ಉಳಿದಿತ್ತು, ಅಷ್ಟೇ. ಈಗ ಅಮೆರಿಕ, ಆಸ್ಟ್ರೇಲಿಯಾ, ನಂದಿ, ನಾಸಿಕ ಎಲ್ಲ ಕಡೆ ಇದೆ. ಕ್ಲೆರೆಟ್ಟಿಗೆ ಸಿಗದ ಪುನರ್ಜನ್ಮ ಇದಕ್ಕೆ ಹೇಗೆ ಸಿಕ್ಕಿತು? ಗ್ಲಾಸು ಮೂಗಿನ ಹತ್ತಿರ ತಂದರೆ ಹಣ್ಣಾದ ಏಪ್ರಿಕಾಟು, ಹೂವು ಒಟ್ಟಿಗೆ ಘಮ್ಮೆನ್ನುತ್ತದೆ. ಒಮ್ಮೆ ಮೂಸಿದವನು ಮರೆಯುವುದಿಲ್ಲ, ಬೇರೆ ದ್ರಾಕ್ಷಿ ಹಾಕಿ ಅವನನ್ನು ಯಾಮಾರಿಸುವುದಕ್ಕೂ ಆಗುವುದಿಲ್ಲ. ಸಪ್ಪೆ ದ್ರಾಕ್ಷಿಯ ಜಾಗಕ್ಕೆ ಇನ್ನೊಂದು ಸಪ್ಪೆ ದ್ರಾಕ್ಷಿ ಬಂದರೆ ಕುಡಿಯುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಜರ್ಮನಿಯವರು ದಶಕಗಟ್ಟಲೆ ಎಲ್ಲಕ್ಕಿಂತ ಹೆಚ್ಚು ಬೆಳೆದದ್ದು ಮ್ಯುಲರ್ ಥುರ್ಗಾವ್ ಎಂಬ ಬೇಗ ಹಣ್ಣಾಗುವ, ದಂಡಿಯಾಗಿ ಬಿಡುವ, ತಕರಾರಿಲ್ಲದ ಬಿಳಿ ತಳಿಯನ್ನು. ತೊಂಬತ್ತರ ದಶಕದಲ್ಲಿ ಮೂಗಿಗೆ ಚುರುಕಾದ ಹಳೆಯ ರೀಸ್ಲಿಂಗ್ ಮತ್ತೆ ಮೇಲೆ ಬಂತು. ನಮ್ಮಲ್ಲೂ 2000ದಿಂದೀಚೆಗೆ ನಾಸಿಕದ ಸುಲಾದವರು ಚಲಾವಣೆಗೆ ತಂದ ಸಾವಿನ್ಯೋ ಬ್ಲಾಂ ನೋಡಿ. ಈಗಷ್ಟೇ ಕೊಯ್ದ ಹುಲ್ಲಿನ, ಸೀಬೆಯ ವಾಸನೆ ಅದರದ್ದು. ಇಷ್ಟವಾಗದವರೂ ಗುರುತು ಹಿಡಿಯುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ, ಗಮಲಿಲ್ಲದ ದ್ರಾಕ್ಷಿ ಉಳಿಯುವುದಿಲ್ಲ ಅನ್ನುವ ನನ್ನ ಸಿದ್ಧಾಂತ ಚೆನ್ನಾಗಿಯೇ ನಿಲ್ಲುತ್ತಿತ್ತು. ಆದರೆ ಅರ್ಕಾವತಿ ಬಿಡುವುದಿಲ್ಲ.

ಅರ್ಕಾವತಿ ಹುಟ್ಟುವುದೇ ನಂದಿಬೆಟ್ಟದಲ್ಲಿ. ಹೆಸರಘಟ್ಟಕ್ಕೆ ಬರುತ್ತದೆ, ಅಲ್ಲಿಯ ಕೆರೆ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು. ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ ಮುಗಿಸಿ, ವೃಷಭಾವತಿ ಹೊತ್ತು ತರುವ ಬೆಂಗಳೂರಿನ ಕೊಚ್ಚೆಯನ್ನೂ ಮಡಿಲಿಗೆ ಹಾಕಿಕೊಂಡು, ನಮ್ಮ ಕಡೆಯಿಂದ ಕನಕಪುರಕ್ಕಿಳಿದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹೆಸರಘಟ್ಟದಲ್ಲಿ 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. ಅವರು ಹೊರತಂದ ಬಹುಪಾಲು ತಳಿಗಳಿಗೆ ಹೊಳೆಯ ಹೆಸರಿನ ಮೊದಲರ್ಧ ಅಂಟಿಕೊಂಡಿರುತ್ತದೆ: ಅರ್ಕಾ ಟೊಮೆಟೊ, ಅರ್ಕಾ ಬೆಂಡೆ, ಅರ್ಕಾ ಹೂವು. ಅರ್ಕಾ ದ್ರಾಕ್ಷಿಗಳೂ ಇವೆ. ಬೆಂಗಳೂರು ನೀಲಿಗೆ ಅನಾಬ್‌ಶಾಹಿ ಕೂಡಿಸಿ ಅರ್ಕಾ ಹಂಸ ಮಾಡಿದರು. ಅನಾಬ್‌ಶಾಹಿಗೆ ಕ್ವೀನ್ ಆಫ್ ವಿನ್ಯಾರ್ಡ್ಸ್ ಎಂಬ ಹಂಗೇರಿಯ ತಳಿ ಕೂಡಿಸಿ ಅರ್ಕಾ ಕಾಂಚನ, ಅರ್ಕಾ ಸೋಮ ಮಾಡಿದರು. ಈ ಅರ್ಕಾ ಸೋಮ ಬಿಳಿ ವೈನಿಗೆಂದೇ ಶಿಫಾರಸಾದದ್ದು. ಅನಾಬ್‌ಶಾಹಿಗೆ ಇಲ್ಲದ್ದು ಇದಕ್ಕಿತ್ತು. ಸಕ್ಕರೆ ಇಪ್ಪತ್ತು ದಾಟುತ್ತಿತ್ತು. ಹಂಗೇರಿಯ ಕಡೆಯಿಂದ ಬಂದ ಮಸ್ಕಟ್ ಪರಿಮಳವೂ ಇತ್ತು. ಹಾರೋಬೆಲೆಯ ಆಯಮ್ಮ ಕೇಳಿದ ಗಮಲು.

ಅದೂ ನಡೆಯಲಿಲ್ಲ. ಯಾಕೆ? ಬೀಜವಿದ್ದದ್ದರಿಂದ ತಿನ್ನುವವರು ಒಪ್ಪಲಿಲ್ಲ. ವೈನು ಮಾಡುವವರಿಗೆ ಬೇಕಾದದ್ದು ಲೇಬಲ್ಲಿನ ಮೇಲೆ ಫ್ರೆಂಚ್ ಹೆಸರು. 2007ರಲ್ಲಿ ಕರ್ನಾಟಕದ ವೈನು ನೀತಿ ಬಂತು, ಮಂಡಳಿ ಆಯಿತು, ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವವೂ ನಡೆಯಿತು. ಅಂಥದ್ದೊಂದು ಉತ್ಸವದ ಮಳಿಗೆಯೊಂದರಲ್ಲಿ, ಚೂಪು ಮೀಸೆಯ ಹುಡುಗನೊಬ್ಬನನ್ನು “ಅರ್ಕಾ ಸೋಮದ್ದು ಏನಾದ್ರೂ ಇದೆಯೇನಪ್ಪ?” ಅಂತ ಕೇಳಿದೆ. ಅವನು ಬಹಳ ಮರ್ಯಾದೆಯಿಂದ, “ಸಾರ್, ಅದು ಆಯುರ್ವೇದದ್ದು. ಆ ಕಡೆ ಕೊನೇ ಸ್ಟಾಲು,” ಅಂದ. ಅವನನ್ನು ದೂರುವುದೇನು? ಸಾವಿನ್ಯೋ ಅಂದರೆ ನಾಲಿಗೆ ಹೊರಳದವನೂ ಕೇಳಿದಷ್ಟು ದುಡ್ಡು ಕೊಡುತ್ತಾನೆ. ಹೆಸರಘಟ್ಟ ಅಂದರೆ ಸಬ್ಸಿಡಿ ಎಷ್ಟು ಅಂತ ಕೇಳುತ್ತಾನೆ. ಮೂಗಿಗೆ ವಾಸನೆ ಮುಟ್ಟುವ ಮೊದಲೇ ಕಣ್ಣು ಲೇಬಲ್ ಓದಿ ಮುಗಿಸಿರುತ್ತದೆ. ಅರ್ಕಾ ಸೋಮದ ಪಾಲಿಗೆ ನನಗೆ ನಿಜವಾಗಿ ಬೇಜಾರಿದೆ. ಅನಾಬ್‌ಶಾಹಿ ಹೋದದ್ದಕ್ಕೆ ಅಷ್ಟಿಲ್ಲ. ಅದು ತನ್ನ ಕಾಲದಲ್ಲಿ ಬೇಕಾದಷ್ಟು ಮೆರೆದಿತ್ತು, ಸುಳ್ಳು ಹೇಳಬಾರದು, ನೀರು ನೀರಾಗಿಯೂ ಇತ್ತು.

ಮಾವ ಬಳ್ಳಿ ಕಡಿಸಿದ ಮೇಲೂ ಕಲ್ಲುಕಂಬಗಳನ್ನು ಕೀಳಿಸಲಿಲ್ಲ. ಹೀರೆ, ಪಡವಲ, ತೊಂಡೆ ಹಬ್ಬಿಸಿದರು. ಲೇಔಟ್ ಮಾಡುವವರು ಬಂದು ಬೇಲಿಗೆ ಕಂಬ ಕೊಡಿ ಅಂದಾಗಲೂ ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ತೋಟ ಹಿಡಿದ. ಚಪ್ಪರದ ತಂತಿ ಗುಜರಿಗೆ ಹಾಕಿದ, ಕಂಬಗಳನ್ನು ಕಿತ್ತು ಅಂತರ ನೋಡಿ ಆಳವಾಗಿ ಹೂಳಿಸಿದ, ಒಂದೊಂದರ ನೆತ್ತಿಗೂ ಹಳೇ ಸ್ಕೂಟರ್ ಟೈರು ಸಿಕ್ಕಿಸಿ ಡ್ರ್ಯಾಗನ್ ಹಣ್ಣಿನ ಕಡ್ಡಿ ನೆಟ್ಟ. ಔಷಧಿ ಹೊಡೆಯುವ ರಗಳೆ ಕಮ್ಮಿ, ಪಕ್ಕದ ಹುಳದ ಮನೆಯವರದ್ದೂ ತಕರಾರಿಲ್ಲ. ಫಸಲೂ ಚೆನ್ನಾಗಿಯೇ ಬಂತು. ಮೊನ್ನೆ ಹೋದಾಗ ಕ್ರೇಟುಗಳ ಪಕ್ಕ ಮುಖ ಊದಿಸಿಕೊಂಡು ಕೂತಿದ್ದ.

“ಯಾಕೋ, ರೇಟು ಬಿತ್ತಾ?”

“ರೇಟೇನೋ ಅದೆ ಬಾವ. ನಾನ್ ಆಕಿರಾದು ಬಿಳೀದು. ಸಿಪ್ಪೆ ಕೆಂಪಗಿದ್ರೂ ಒಳಗ್ ತಿರುಳು ಬಿಳೀದು. ಮಂಡೀಲಿ ಕುಯ್ದು ನೋಡ್ಬುಟ್ಟು, ಸಪ್ಪೆ ಕಣಪ್ಪ ಇದು, ಒಳಗೂ ಕೆಂಪಿರಾದ್ ತತ್ತಾ ಅಂತವ್ರೆ.”

ಒಂದು ಹಣ್ಣು ಕುಯ್ದು ಕೊಟ್ಟ. ಮಂಡಿಯವರು ಹೇಳಿದ್ದು ಸರಿಯಾಗಿಯೇ ಇತ್ತು. ಮುಂದಿನ ಮಳೆಗಾಲಕ್ಕೆ ಅರ್ಧ ಕಂಬಗಳಿಗೆ ಕೆಂಪು ಕಡ್ಡಿ ನೆಡುತ್ತಾನಂತೆ. ಇನ್ನರ್ಧ ಯೋಚನೆ ಮಾಡಿ ನೋಡುತ್ತಾನಂತೆ.